ಅಜ್ಜಿ ಮಾಡದ ಬೆಂಗಳೂರು ಫಾಲ್

ಬರ್ಮಿಂಗ್‌ಹ್ಯಾಮ್‌ಗೆ ಬಂದು ಮೂರು ತಿಂಗಳಾಗಿತ್ತು, ಆಫೀಸಲ್ಲಿ ಒಂದು ಶುಕ್ರವಾರ ಎಲ್ಲಾರೂ ಸೇರಿ "ಕರಿ"ಗೆ ಹೋಗೋಣ ಅಂದ್ರು. ಇಲ್ಲಿ ಕರಿ ಅಂದ್ರೆ ಬಣ್ಣನೂ ಅಲ್ಲ, ಎಣ್ಣೇಲಿ ಕರಿಯೋದೂ ಅಲ್ಲ, ಇಂಡಿಯನ್ ಹೋಟ್ಲಲ್ಲಿ ಕೂತು ಏನ್ ತಿಂದ್ರೂ ಅದು ಕರಿನೇ. ಟೀಮಲ್ಲಿ ಎಂಟು ಜನ, ಇಂಡಿಯಾದವ್ನು ನಾನೊಬ್ನೇ, ಹಂಗಾಗಿ ಮೆನು ಕಾರ್ಡು ಸೀದಾ ನನ್ನ ಕೈಗೆ ಬಂತು. ಏಳು ಜೋಡಿ ಕಣ್ಣು ನನ್ನನ್ನೇ ನೋಡ್ತಿವೆ, ಇವ್ನು ಏನ್ ಹೇಳ್ತಾನೋ ಅದನ್ನೇ ತಿನ್ನೋಣ ಅಂತ. ಇಷ್ಟು ಮರ್ಯಾದೆ ನಂಗೆ ಮಾವನ ಮನೇಲೂ ಸಿಕ್ಕಿಲ್ಲ.

ತೊಂದ್ರೆ ಏನಪ್ಪಾ ಅಂದ್ರೆ ಆ ಮೆನುಲಿರೋ ಅರ್ಧಕ್ಕರ್ಧ ಹೆಸ್ರು ನಾನು ಹುಟ್ಟಿದ್ಮೇಲೆ ಕೇಳಿಲ್ಲ. ಪಥಿಯಾ ಅಂತೆ, ಧನ್ಸಾಕ್ ಅಂತೆ, ಸಿಲೋನ್ ಅಂತೆ. ಮದ್ರಾಸ್ ಅಂತ ಒಂದಿತ್ತು. ಮದ್ರಾಸ್ ಏನು, ಇಡ್ಲಿನಾ, ಸಾಂಬಾರಾ? ಏನೂ ಇಲ್ಲ, ಬರೀ ಮದ್ರಾಸ್, ಚಿಕನ್ ಹಾಕಿದ್ರೆ ಚಿಕನ್ ಮದ್ರಾಸ್, ತರಕಾರಿ ಹಾಕಿದ್ರೆ ವೆಜಿಟೇಬಲ್ ಮದ್ರಾಸ್. ಆ ಊರವ್ರು 1996ರಲ್ಲೇ ಹೆಸ್ರು ಬದ್ಲಾಯಿಸ್ಕೊಂಡು ಚೆನ್ನೈ ಆಗಿದಾರೆ, ಸುದ್ದಿ ಇನ್ನೂ ಈ ಅಡುಗೆಮನೆಗೆ ಮುಟ್ಟಿಲ್ಲ. ಆಮೇಲೆ ಬಾಲ್ಟಿ ಅಂತ ಇಡೀ ಒಂದು ಪುಟ. ನನ್ನ ಹೆಂಡ್ತಿ ಮಂಗಳೂರು ಕಡೆಯವ್ಳು, ಅವ್ರು ಬಕೆಟ್ಟಿಗೆ ಬಾಲ್ದಿ ಅಂತಾರೆ, ಸ್ನಾನಕ್ಕೆ ನೀರು ಹಿಡಿಯೋದು ಅದ್ರಲ್ಲೇ, ಅದ್ರಲ್ಲಿ ಊಟ ಹೆಂಗೆ ಅಂತ ಯೋಚಿಸ್ತಾ ಇದ್ರೆ ಪಕ್ಕದಲ್ಲಿದ್ದ ಅಕೌಂಟ್ಸ್‌ನವ್ನು, ಯಾವಾಗ್ಲೂ ಕೆನ್ನೆ ಗುಲಾಬಿ ಬಣ್ಣಕ್ಕಿರೋ ಪಾಪದ ಮನುಷ್ಯ, ಮೆಲ್ಲಗೆ ಹೇಳ್ದ: ಬಾಲ್ಟಿ ಹುಟ್ಟಿದ್ದೇ ನಮ್ಮ ಬರ್ಮಿಂಗ್‌ಹ್ಯಾಮಲ್ಲಿ, 1970ರ ದಶಕದಲ್ಲಿ, ತೆಳು ಸ್ಟೀಲ್ ಬಾಣಲೇಲಿ ಮಾಡಿ ಅದೇ ಬಾಣಲೇನ ಟೇಬಲ್ ಮೇಲೆ ಇಡ್ತಾರೆ. ನಾನು "ಹೌದೌದು, ಗೊತ್ತು" ಅಂದೆ. ಅವತ್ತಿನ ಮೊದಲನೇ ಸುಳ್ಳು.

ಅಷ್ಟರಲ್ಲಿ ಹಪ್ಪಳ ಬಂತು. ನಮ್ಮಲ್ಲಿ ಹಪ್ಪಳ ಅನ್ನೋದು ಊಟದ ನಡುವೆ ಬಂದು ಹೋಗೋ ನೆಂಟ, ಇಲ್ಲಿ ಮೊದ್ಲು ಅದೇ, ಜೊತೆಗೆ ನಾಲ್ಕು ಬಟ್ಟಲು: ಮಾವಿನಕಾಯಿ ಚಟ್ನಿ (ಚಟ್ನಿ ಅಲ್ಲ ಅದು, ಮುರಬ್ಬ), ಹೆಚ್ಚಿದ ಈರುಳ್ಳಿ, ಪುದಿನ ಹಾಕಿದ ಮೊಸ್ರು, ನಿಂಬೆ ಉಪ್ಪಿನಕಾಯಿ. ನಾವೇನೂ ಕೇಳ್ದೇ ತಂದಿಟ್ಟಿದ್ರಿಂದ ಫ್ರೀ ಅಂತ್ಲೇ ತಿಳ್ಕೊಂಡು ನಾಲ್ಕು ತಿಂದೆ. ತಲಾ ಒಂದು ಪೌಂಡ್ ಅಂತ ಆಮೇಲೆ ಗೊತ್ತಾಗಿದ್ದು. ಬಂದ ಹೊಸದ್ರಲ್ಲಿ ಎಲ್ಲಾದನ್ನೂ ರೂಪಾಯಿಗೆ ಗುಣಿಸೋ ಚಟ ಇರುತ್ತಲ್ಲ, ಆ ಲೆಕ್ಕದಲ್ಲಿ ನಾನು ನಾಲ್ಕು ಹಪ್ಪಳಕ್ಕೆ ನಾನೂರಕ್ಕಿಂತ ಜಾಸ್ತಿ ಕೊಟ್ಟಿದೀನಿ, ನಮ್ಮಮ್ಮಂಗೆ ಇವತ್ತಿಗೂ ಹೇಳಿಲ್ಲ.

ಎಲ್ರೂ ಅವ್ರವ್ರಿಗೆ ಬೇಕಾದ್ದು ಹೇಳಿದ್ರು, ಮೂರು ಜನ ಚಿಕನ್ ಟಿಕ್ಕಾ ಮಸಾಲಾ. 2001ರಲ್ಲಿ ಇವ್ರ ವಿದೇಶಾಂಗ ಮಂತ್ರಿ ರಾಬಿನ್ ಕುಕ್ (ಹೆಸ್ರು ನೋಡಿ!) ಅದೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಅಂತ ಭಾಷಣ ಮಾಡಿದ್ರಂತೆ, ಹಂಗಾಗಿ ಅವ್ರು ಅವ್ರ ದೇಶದ್ದೇ ತಿಂತಿದಾರೆ, ತಿನ್ಲಿ ಬಿಡಿ. ನಾನು ವೆಜ್ಜು, ಏನ್ ಹೇಳೋದು ಅಂತ ಪುಟ ತಿರುಗಿಸ್ತಾ ತಿರುಗಿಸ್ತಾ ಕೊನೇ ಪುಟದ ಮೂಲೆಗೆ ಬಂದೆ, ಅಲ್ಲಿತ್ತು ನೋಡಿ. ಬೆಂಗಳೂರು ಫಾಲ್!

ಎದೆ ಉಬ್ಬೋಯ್ತು. ಇಷ್ಟು ದೂರದಲ್ಲಿ ಯಾರೋ ಪುಣ್ಯಾತ್ಮ ನಮ್ಮೂರನ್ನ ನೆನಪಿಟ್ಕೊಂಡಿದಾನೆ. ಇಂಗ್ಲಿಷಲ್ಲಿ ಬರೆದಿದ್ದು ನೋಡಿದ್ರೆ ಅದು ಫಾಲ್ ಅಲ್ಲ, ಫಲ ಇರ್ಬೇಕು ಅನ್ನಿಸ್ತು, ಫಲ ಅಂದ್ರೆ ಹಣ್ಣು, ಹಣ್ಣಿನ ಪದಾರ್ಥ ಅಂದ್ರೆ ಅನಾನಸ್ ಗೊಜ್ಜು, ನಾನೇ ಎಲ್ಲಾ ತೀರ್ಮಾನ ಮಾಡ್ಬಿಟ್ಟೆ. ಪಕ್ಕದಲ್ಲಿ ನಾಲ್ಕು ಕೆಂಪು ಮೆಣಸಿನಕಾಯಿ ಚಿತ್ರ ಇತ್ತು, ಅಲಂಕಾರಕ್ಕೆ ಹಾಕಿರ್ಬೇಕು ಅನ್ಕೊಂಡೆ.

ವೇಟರ್ ಹಿಂದಿಲಿ ಕೇಳ್ದ, "ಭಾಯ್, ಇದೇ ಬೇಕಾ? ಇನ್ನೊಂದ್ಸಲ ನೋಡಿ."

"ನಾನು ಬೆಂಗಳೂರಿನವ್ನೇ ರೀ" ಅಂದೆ, ಪಾಸ್‌ಪೋರ್ಟ್ ತೋರ್ಸೋದೊಂದು ಬಾಕಿ. ಅವನ ಮುಖದಲ್ಲಿ ಕಂಡಿದ್ದು ಕರುಣೆ, ನಾನದನ್ನ ಗೌರವ ಅಂತ ಓದ್ಕೊಂಡೆ. ಅಷ್ಟಕ್ಕೇ ಬಾಯಿ ಮುಚ್ಕೊಂಡಿದ್ರೆ ಈ ಕಥೆನೇ ಇರ್ತಿರ್ಲಿಲ್ಲ. ಟೇಬಲ್ ಕಡೆ ತಿರುಗಿ ಶುರು ಹಚ್ಕೊಂಡೆ, ಇದು ನಮ್ಮ ಕಡೆ ಹಬ್ಬಕ್ಕೆ ಮಾಡೋದು, ನಮ್ಮಜ್ಜಿ ಮಾಡಿದ್ರೆ ಬೀದಿಗೆಲ್ಲಾ ಘಮ ಬರ್ತಿತ್ತು, ಇವತ್ತು ನೀವೂ ರುಚಿ ನೋಡಿ. ಎಲ್ರೂ ತುಂಬಾ ಆಸಕ್ತಿಯಿಂದ ಕೇಳಿದ್ರು.

ಬಟ್ಟಲು ಬಂತು. ಕಡು ಕೆಂಪು, ಮೇಲೆ ಎಣ್ಣೆ, ಹಣ್ಣಿನ ಸುಳಿವಿಲ್ಲ. ಅಡುಗೆಮನೆ ಬಾಗಿಲಿಂದ ಎರಡು ತಲೆ ಇಣುಕ್ತಾ ಇದ್ವು. ಮೊದಲನೇ ಚಮಚ ಬಾಯಿಗಿಟ್ಟೆ, ಎರಡು ಸೆಕೆಂಡ್ ಏನೂ ಆಗ್ಲಿಲ್ಲ, "ಹಾಂ, ಥೇಟ್ ಅದೇ ರುಚಿ" ಅಂತ ಹೇಳಿದ್ದೂ ಆಯ್ತು. ಆಮೇಲೆ ಹತ್ಕೊಳ್ತು ನೋಡಿ, ನಾಲಿಗೆಯಿಂದ ಗಂಟ್ಲು, ಗಂಟ್ಲಿಂದ ಕಿವಿ, ಕಿವಿಲಿ ಗುಂಯ್ ಅಂತ ಶಬ್ದ. ನಮ್ಮನೇಲಿ ಬಳಸೋದು ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜೋರು, ಖಾರ ಕಮ್ಮಿ, ಅಷ್ಟಾದ್ರೂ ಸಾರಿಗೆ ಒಂದು ಚೂರು ಬೆಲ್ಲ ಹಾಕ್ತಾರೆ. ಬೆಲ್ಲದ ಮೇಲೆ ಬೆಳೆದ ನಾಲಿಗೆ ಇದು. ಕಣ್ಣಿಂದ ನೀರು ಧಾರಾಕಾರ ಸುರೀತಾ ಇದೆ, ಮಾತು ಹೊರಡ್ತಿಲ್ಲ.

ಎದುರಿಗಿದ್ದ ಮ್ಯಾನೇಜರಮ್ಮ ನನ್ನ ಕೈ ಹಿಡ್ಕೊಂಡು ತುಂಬಾ ಮೃದುವಾಗಿ ಕೇಳಿದ್ರು, "ಅಜ್ಜಿ ನೆನಪಾದ್ರಾ?"

ತಲೆ ಆಡಿಸ್ದೆ. ಇನ್ನೇನ್ ಮಾಡ್ಲಿ. ಟೇಬಲ್ಲೇ ಮೌನ ಆಗೋಯ್ತು, ಒಬ್ರು ಬೆನ್ನು ತಟ್ಟಿದ್ರು, ಇನ್ನೊಬ್ರು ಟಿಶ್ಯೂ ಕೊಟ್ರು, ಆ ಟಿಶ್ಯೂನ ಖಾರದ ಕೈಲೇ ಹಿಡಿದು ಕಣ್ಣು ಒರೆಸ್ಕೊಂಡೆ, ಅದ್ರ ಬಗ್ಗೆ ನಾನೇನೂ ಹೇಳಲ್ಲ. ಅಜ್ಜಿ ಹೆಸ್ರಲ್ಲಿ ಬಟ್ಟಲು ಪಕ್ಕಕ್ಕೆ ತಳ್ಳೋ ಹಂಗೂ ಇಲ್ಲ, ಎರಡನೇ ಚಮಚನೂ ತಿಂದೆ. ಒಂದು ಜಗ್ ನೀರು ಕುಡಿದೆ, ಉರಿ ಇನ್ನೂ ಹರಡ್ತು. ಮೆಣಸಿನಕಾಯಿ ಖಾರ ನೀರಲ್ಲಿ ಕರಗೋದೇ ಕಷ್ಟ, ಹಾಲು ಮೊಸ್ರಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ಅದನ್ನ ಎಳ್ಕೊಂಡು ಹೋಗುತ್ತೆ ಅಂತ ಆಮೇಲೆ ಓದ್ದೆ. ಮಜ್ಜಿಗೆ ಕುಡಿಯೋ ಅಂತ ಅಜ್ಜಿ ಪುಕ್ಕಟೆ ಹೇಳ್ತಿದ್ರು.

ಟಾಯ್ಲೆಟ್ ನೆಪ ಹೇಳಿ ಎದ್ದೆ. ಅಡುಗೆಮನೆ ಹತ್ರ ಅದೇ ವೇಟರ್ ಒಂದು ದೊಡ್ಡ ಲೋಟ ಮೊಸ್ರು ಹಿಡ್ಕೊಂಡು ಕಾಯ್ತಾ ನಿಂತಿದ್ದ, ನಂದು ಎಷ್ಟನೇ ಕೇಸೋ. ಊರು ಸಿಲ್ಹೆಟ್ ಅಂದ, ಬಾಂಗ್ಲಾದೇಶ. ಈ ದೇಶದಲ್ಲಿ ಇಂಡಿಯನ್ ಅಂತ ಬೋರ್ಡ್ ಹಾಕಿರೋ ಹೋಟ್ಲುಗಳಲ್ಲಿ ತುಂಬಾನೇ ಅವ್ರ ಕಡೆಯವ್ರು ನಡ್ಸೋದು.

"ನಿಮ್ಮ ಬೆಂಗಳೂರಲ್ಲಿ ಇದನ್ನ ದಿನಾ ತಿಂತಾರಾ?" ಅಂತ ಕೇಳ್ದ.

"ಬೆಂಗಳೂರಲ್ಲಿ ಈ ಹೆಸ್ರೇ ಯಾರೂ ಕೇಳಿಲ್ಲ."

"ಸಿಲ್ಹೆಟಲ್ಲೂ ಇಲ್ಲ ಭಾಯ್" ಅಂತ ಜೋರಾಗಿ ನಕ್ಕ. ಕುಡ್ಕೊಂಡು ಬಂದು ವಿಂದಾಲೂ ತಿಂದು, ಇದಕ್ಕಿಂತ ಖಾರದ್ದು ಇಲ್ವಾ ಅಂತ ಪಂಥ ಕಟ್ಟೋರು ಬರ್ತಾರಲ್ಲ, ಅವ್ರಿಗೋಸ್ಕರ ಇಲ್ಲೇ ಹುಟ್ಕೊಂಡಿದ್ದಂತೆ. ಅದಕ್ಕೆ ನಮ್ಮೂರ ಹೆಸ್ರು ಯಾಕೆ ಅಂತ ಕೇಳ್ದೆ, "ಏನೋ ಒಂದು ಊರು ಬೇಕಲ್ಲ" ಅಂದ. ಒಳಗೆ ಅಡುಗೆಯವ್ರು ತಮ್ಮ ಊಟಕ್ಕೆ ಕೂತಿದ್ರು, ಅನ್ನ, ಮೀನು, ತೆಳ್ಳಗಿನ ಮಸೂರ್ ಬೇಳೆ. ಬೇಳೆ ಅನ್ನ ಒಂದು ತಟ್ಟೆಗೆ ಹಾಕ್ಕೊಟ್ರು, ಫ್ರಿಜ್‌ಗೆ ಒರಗಿ ನಿಂತ್ಕೊಂಡೇ ತಿಂದೆ, ನಿಜ ಹೇಳ್ತೀನಿ, ಆ ಹೋಟ್ಲಲ್ಲಿ ಇದ್ದ ಒಂದೇ ಒಂದು ಊಟ ಅದು. ಮುಂದಿನ ಸಲ ಹೋದಾಗ ಕೇಳ್ದೆ, ಮೆನುಲಿ ಇಲ್ಲ ಅಂದ್ರು.

ವಾಪಸ್ ಬಂದು ನೋಡಿದ್ರೆ ನನ್ನ ಬಟ್ಟಲು ಖಾಲಿ. ಅಕೌಂಟ್ಸ್‌ನವ್ನು ಕೊನೇ ತುಂಡು ನಾನ್‌ನಿಂದ ತಳ ಒರೆಸಿ ಬಾಯಿಗೆ ಹಾಕ್ಕೊಳ್ತಾ ಇದ್ದ, ಹಣೇಲಿ ಒಂದು ಹನಿ ಬೆವರಿಲ್ಲ.

"ಕ್ಷಮಿಸು, ತಡ್ಕೊಳ್ಳೋಕಾಗ್ಲಿಲ್ಲ, ನಿಮ್ಮಜ್ಜಿ ನಿಜಕ್ಕೂ ಗಟ್ಟಿಗಿತ್ತಿ" ಅಂದ.

ಮನೆಗೆ ಹೋದ್ರೆ ಹೆಂಡ್ತಿ ಬಾಗಿಲು ತೆಗೆದವ್ಳು ಹಂಗೇ ನಿಂತ್ಕೊಂಡ್ಳು, "ರೀ, ತುಟಿಗೆ ಜೇನು ಕಚ್ತಾ?" ಪೂರ್ತಿ ಕೇಳಿ ಗೋಡೆಗೆ ಒರಗಿ ನಕ್ಕಿದ್ದು ನಕ್ಕಿದ್ದೇ, ಆಮೇಲೆ ಮೊಸ್ರನ್ನ ಕಲಸಿ ಕೊಟ್ಳು.

ಸೋಮವಾರ ಅಕೌಂಟ್ಸ್‌ನಿಂದ ಮೇಲ್. ಅಜ್ಜಿ ರೆಸಿಪಿ ಸಿಗುತ್ತಾ, ಮನೇಲಿ ಮಾಡ್ಬೇಕು ಅಂತ. ಅಮ್ಮಂಗೆ ಫೋನ್ ಮಾಡಿ ಅನಾನಸ್ ಗೊಜ್ಜು ಮಾಡೋದು ಹೆಂಗೆ ಅಂತ ಕೇಳಿ, ಎಳ್ಳು ಕೊಬ್ಬರಿ ಬೆಲ್ಲ ಹುಣಸೆಹಣ್ಣು ಎಲ್ಲಾ ಇಂಗ್ಲಿಷಲ್ಲಿ ಟೈಪ್ ಮಾಡಿ ಕಳಿಸ್ದೆ. ಒಂದು ವಾರ ಬಿಟ್ಟು ಉತ್ತರ ಬಂತು: ತುಂಬಾ ಚೆನ್ನಾಗಿತ್ತು, ಮಕ್ಕಳಿಗೂ ಇಷ್ಟ ಆಯ್ತು, ಆದ್ರೆ ಒರಿಜಿನಲ್ ಬೆಂಗಳೂರು ಟೇಸ್ಟ್ ಬರ್ಲಿಲ್ಲ.