ಸೀಲಿಗೂ ಒಂದು ಗಡಿ ಇದೆ

ಅಮೆರಿಕದ ನೋಟರಿಗಳ ಬಗ್ಗೆ ಒಂದು ಲೇಖನ ಓದಿದೆ. ಅಲ್ಲಿ ಒಬ್ಬರೇ ಎರಡು ರಾಜ್ಯಗಳ ನೋಟರಿ ಆಗಬಹುದು ಎಂದು ಅದರಲ್ಲಿ ಬರೆದಿರುವುದು ಸರಿ. ನ್ಯೂಜೆರ್ಸಿಯಲ್ಲಿ ಮನೆ ಇರುವವರಿಗೆ ನ್ಯೂಯಾರ್ಕಿನಲ್ಲಿ ಕಚೇರಿ ಅಥವಾ ವ್ಯವಹಾರದ ಸ್ಥಳ ಇದ್ದರೆ ಅಲ್ಲಿಯ ಕಮಿಷನ್ನೂ (ನೋಟರಿಯಾಗಿ ಕೆಲಸ ಮಾಡಲು ರಾಜ್ಯ ಕೊಡುವ ಅಧಿಕಾರ) ಸಿಗುತ್ತದೆ. ಆದರೆ ಆ ಲೇಖನ ರಾಜ್ಯದ ಗಡಿಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಬಾರದಿತ್ತು. ನ್ಯೂಜೆರ್ಸಿಯ ಸೀಲು ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದರೆ ನಡೆಯುವುದಿಲ್ಲ. ಮುಖ್ಯವಾಗುವುದು ಸಹಿ ಮಾಡುವವರ ಊರಲ್ಲ, ದಾಖಲೆ ಹೋಗಿ ಸೇರುವ ಊರೂ ಅಲ್ಲ. ಸಹಿಯ ಹೊತ್ತಿಗೆ ನೋಟರಿ ಎಲ್ಲಿ ನಿಂತಿದ್ದಾರೆ ಅನ್ನುವುದು.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಮೈಸೂರಿನ ಸೈಟಿಗಾಗಿ ತಮ್ಮನ ಹೆಸರಿಗೆ ಮುಕ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸುವಾಗ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಪರಿಚಯದವರೊಬ್ಬರು ನ್ಯೂಜೆರ್ಸಿ ಸೀಲು ಒತ್ತಿಕೊಟ್ಟರು. ಪಾಪ, ಸಹಾಯ ಮಾಡಲೆಂದೇ ಮಾಡಿದ್ದು. ದಾಖಲೆ ಬೇರೆ ದೇಶದಲ್ಲಿ ನಡೆಯಲು ಬೇಕಾದ ದೃಢೀಕರಣವಾದ ಅಪೋಸ್ಟಿಲ್ ಕೊಡುವುದು ನೋಟರಿಯ ಕಮಿಷನ್ ಇರುವ ರಾಜ್ಯ. ನಮ್ಮ ಕಾಗದದಲ್ಲಿ ಸಹಿಯ ಸ್ಥಳ ನ್ಯೂಯಾರ್ಕ್, ಸೀಲು ನ್ಯೂಜೆರ್ಸಿ! ಆ ಸೀಲು ಅಲ್ಲಿ ನಡೆಯದ್ದರಿಂದ ಎಲ್ಲ ಮೊದಲಿನಿಂದ ಮಾಡಿಸಬೇಕಾಯಿತು. ಅಷ್ಟರಲ್ಲಿ ಊರಲ್ಲಿ ನೋಂದಣಿಯ ದಿನವೇ ಕಳೆದುಹೋಗಿತ್ತು.

ಎರಡು ಕಮಿಷನ್ ಇಟ್ಟುಕೊಳ್ಳುವವರು ಅವಧಿಯನ್ನೂ ಗಮನಿಸಿ: ನ್ಯೂಯಾರ್ಕಿನದು 4 ವರ್ಷ, ನ್ಯೂಜೆರ್ಸಿಯದು 5. ಸೀಲುಗಳನ್ನು ಒಂದೇ ಚೀಲದಲ್ಲಿ ಇಡಬೇಡಿ. ನೋಟರಿ ಕೆಲಸ ಬರೆದಿಡುವ ದಾಖಲೆ ಪುಸ್ತಕವನ್ನೂ ರಾಜ್ಯಕ್ಕೊಂದರಂತೆ ಇಟ್ಟರೆ ಒಳ್ಳೆಯದು. ಸಹಿ ಮಾಡಿಸುವವರು ಯಾವ ರಾಜ್ಯದ ಸೀಲು ಎಂದು ಧೈರ್ಯವಾಗಿ ಕೇಳಿ.