ವಾಲ್‌ಮಾರ್ಟ್ ತಾಲೂಕಿಗೊಂದು ಅಂಗಡಿ ತೆರೆಯುತ್ತಿದೆಯೇ? ಸತ್ಯಾಂಶ ಇಲ್ಲಿದೆ

“ತಾಲೂಕಿಗೊಂದು ವಾಲ್‌ಮಾರ್ಟ್ ಬರುತ್ತಿದೆ, ಕಿರಾಣಿ ಅಂಗಡಿಗಳೆಲ್ಲ ಬಾಗಿಲು ಹಾಕಬೇಕು” ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಇದು ನಿಜವಲ್ಲ.

ಅಮೆರಿಕದ ಕಂಪನಿ ವಾಲ್‌ಮಾರ್ಟ್ 2009ರಲ್ಲಿ ಅಮೃತಸರದಲ್ಲಿ ಶುರು ಮಾಡಿದ್ದು ಸಗಟು ಮಳಿಗೆ. ನಾವು ನೀವು ಹೋಗಿ ಒಂದು ಸೋಪು ಕೊಳ್ಳುವಂತಿರಲಿಲ್ಲ. ಅದರ ಗಿರಾಕಿಗಳು ಕಿರಾಣಿ ಅಂಗಡಿಯವರು, ಹೋಟೆಲಿನವರು. 2020ರಲ್ಲಿ ಆ ವ್ಯಾಪಾರ ಫ್ಲಿಪ್‌ಕಾರ್ಟ್‌ಗೆ ಸೇರಿತು. ಫ್ಲಿಪ್‌ಕಾರ್ಟ್‌ನ ದೊಡ್ಡ ಪಾಲು 2018ರಿಂದ ವಾಲ್‌ಮಾರ್ಟ್‌ನದೇ. ವಿದೇಶಿ ಕಂಪನಿ ಎಲ್ಲ ಬಗೆಯ ಸಾಮಾನನ್ನು ಚಿಲ್ಲರೆಯಾಗಿ ಮಾರಲು 2012ರ ನಿಯಮವಿದೆ: ಅಂಗಡಿ ನಡೆಸುವ ಸಂಸ್ಥೆಯಲ್ಲಿ ಅದರ ಪಾಲು ಶೇ 51 ಮೀರಬಾರದು, ರಾಜ್ಯ ಸರ್ಕಾರವೂ ಒಪ್ಪಬೇಕು.

ಹಾಗಂತ ಅಂಗಡಿಯವರ ಆತಂಕ ಸುಮ್ನೆ ಅಲ್ಲ. ನಮ್ಮ ದೇಶದ ಕಂಪನಿಗಳ ದೊಡ್ಡ ಮಳಿಗೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವು ಲಾರಿಗಟ್ಟಲೆ ಕೊಳ್ಳುತ್ತವೆ, ಎಂಆರ್‌ಪಿಗಿಂತ ಕಡಿಮೆಗೆ ಮಾರುತ್ತವೆ. ತಿಂಗಳ ಸಾಮಾನಿನ ಉದ್ದನೆಯ ಚೀಟಿ ಅಲ್ಲಿಗೆ ಹೋದರೆ, ಬೀದಿ ಅಂಗಡಿಗೆ ಉಳಿಯುವುದು 50 ಗ್ರಾಂ ಜೀರಿಗೆ, 10 ರೂಪಾಯಿಯ ಸಾಸಿವೆ. ಬೀದಿ ಅಂಗಡಿಯ ಲಾಭ ಕೈತಪ್ಪುವುದು ಹೀಗೆ, ಸದ್ದಿಲ್ಲದೆ. ಆದರೆ ಸಂಬಳ ತಡವಾದ ತಿಂಗಳು ಉದ್ರಿ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ತೂಗಿ ಕೊಡುವವರು ಈ ಬೀದಿ ಅಂಗಡಿಯವರೇ ಅಲ್ವಾ?