ಇಲ್ಲದ ಹುದ್ದೆಯಿಂದ ವಯೋನಿವೃತ್ತಿ

ಸರ್ಕಾರವನ್ನು ಬೈಯುವವರು ಊರಿಗೆ ನೂರು ಜನ ಸಿಗುತ್ತಾರೆ. ನಾನು ಹೊಗಳಲು ಹೊರಟಿದ್ದೇನೆ. ಕೆಲಸಕ್ಕೇ ಸೇರಿಸಿಕೊಳ್ಳದ ಮನುಷ್ಯನನ್ನು ಗೌರವದಿಂದ ನಿವೃತ್ತಿ ಮಾಡಿಸಿ ಕಳಿಸುವ ಉಪಾಯ ಬೇರೆ ಯಾರಿಗೆ ತಾನೇ ಹೊಳೆದೀತು? 2023ರ ಡಿಸೆಂಬರ್ ಕೊನೆಯಲ್ಲಿ ನಮ್ಮವರಿಗೆ ಹೊಳೆಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 60 ತುಂಬಿ ಮನೆಗೆ ಹೋಗುವಾಗ 5 ಲಕ್ಷ ರೂಪಾಯಿ ಇಡಿಗಂಟು ಕೊಡುತ್ತೇವೆ ಎಂದು ಉನ್ನತ ಶಿಕ್ಷಣ ಸಚಿವ ಎಂ.ಸಿ. ಸುಧಾಕರ್ ಘೋಷಿಸಿದರು. ನೇಮಕಾತಿ ಆದೇಶವೇ ಇಲ್ಲದವರಿಗೆ ಬೀಳ್ಕೊಡುಗೆ ಸಿದ್ಧವಾಯಿತು. (ಅತಿಥಿ ದೇವೋ ಭವ ಎಂಬ ಜೋಕು ಸ್ಟಾಫ್ ರೂಮುಗಳಲ್ಲಿ ಹಳಸಿ ವರ್ಷಗಳಾದವು. ಇಲ್ಲಿ ಮತ್ತೆ ಬಿಸಿ ಮಾಡಿ ಬಡಿಸುವುದಿಲ್ಲ.)

ಅದೇ ಘೋಷಣೆಯಲ್ಲಿ ಇನ್ನೊಂದು ರತ್ನವಿದೆ. ಸೇವೆ 5 ವರ್ಷದೊಳಗಿದ್ದರೆ ಗೌರವಧನಕ್ಕೆ 5 ಸಾವಿರ ಸೇರಿಸುತ್ತಾರೆ, 5ರಿಂದ 10 ವರ್ಷಕ್ಕೆ 6 ಸಾವಿರ, 10ರಿಂದ 15ಕ್ಕೆ 7 ಸಾವಿರ, 15 ದಾಟಿದವರಿಗೆ 8 ಸಾವಿರ. ಹುದ್ದೆ ಇಲ್ಲ, ಪ್ರತಿ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ಹಳೆಯ ಎದೆಬಡಿತ. ಆದರೂ 15 ವರ್ಷ ಮೀರಿದವರಿಗೆಂದೇ ಒಂದು ಕಾಲಂ ಹಾಕಿಟ್ಟಿದ್ದಾರೆ. ತಾತ್ಕಾಲಿಕ ವ್ಯವಸ್ಥೆಗೆ ಸೀನಿಯಾರಿಟಿ ಪಟ್ಟಿ! ಕಳ್ಳ ತಾನೇ ಪಂಚನಾಮೆ ಬರೆದು ಸಹಿ ಹಾಕಿದ ಹಾಗೆ.

ಇದೇನೂ ಪುಕ್ಕಟೆ ಬಂದದ್ದಲ್ಲ. ಆ ನವೆಂಬರ್ 23ರಿಂದ ರಾಜ್ಯದ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಹೊರಗೆ ಕೂತಿದ್ದರು. ಬೇಡಿಕೆ ಒಂದೇ, ಸೇವೆ ಖಾಯಂ ಮಾಡಿ. ಸರ್ಕಾರದ ನಿಲುವಂತೂ ತರ್ಕಶಾಸ್ತ್ರದ ಮೇಷ್ಟ್ರುಗಳೇ ಬೆರಗಾಗುವಂಥದ್ದು. ನೀವು ನಮ್ಮ ನೌಕರರಲ್ಲ, ಹಾಗಾಗಿ ಖಾಯಂ ಮಾತು ಬೇಡ. ಆದರೆ ನೀವಿಲ್ಲದೆ ಕಾಲೇಜು ನಡೆಯುತ್ತಿಲ್ಲ, ಹಾಗಾಗಿ ದಯವಿಟ್ಟು ಬನ್ನಿ. ಬಾರದಿದ್ದರೆ ಪರ್ಯಾಯ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ಪರ್ಯಾಯ ಎಂದರೆ ಇನ್ನೊಬ್ಬ ಅತಿಥಿ ಉಪನ್ಯಾಸಕ! 5 ಲಕ್ಷದ ಘೋಷಣೆಯಾದ ಮೇಲೂ ಸಮಾಧಾನವಾಗದವರು 2024ರ ಹೊಸ ವರ್ಷದ ದಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ನಡೆದೇ ಹೊರಟರು. ಬೆಂಗಳೂರಿನಲ್ಲಿ ಪ್ರತಿಭಟಿಸಲು ನಿಗದಿಯಾದ ಜಾಗ ಫ್ರೀಡಂ ಪಾರ್ಕ್, ಅಂದರೆ ಹಳೇ ಸೆಂಟ್ರಲ್ ಜೈಲು. ವಿರೋಧ ಪಕ್ಷದಲ್ಲಿ ಯಾರಿರುತ್ತಾರೋ ಅವರು ಅಲ್ಲಿನ ಶಾಮಿಯಾನಕ್ಕೆ ಬಂದು ಮೈಕು ಹಿಡಿದು 'ನಾವು ಬಂದರೆ ಖಾಯಂ' ಎನ್ನುತ್ತಾರೆ. ಆಮೇಲೆ ಅವರು ಬಂದೂ ಬರುತ್ತಾರೆ.

ಲೆಕ್ಕದ ವಿಷಯಕ್ಕೆ ಬಂದರೆ ಎಲ್ಲ ಪಕ್ಷಗಳೂ ಒಂದೇ ಮೇಷ್ಟ್ರ ಶಿಷ್ಯರು. 2022ರ ಸಂಕ್ರಾಂತಿ ಹೊತ್ತಿಗೆ, ಆಗ ಉನ್ನತ ಶಿಕ್ಷಣ ಸಚಿವರಾಗಿದ್ದ ಅಶ್ವತ್ಥನಾರಾಯಣ ಅವರ ಕಾಲದಲ್ಲಿ, 11 ಸಾವಿರ, 13 ಸಾವಿರ ಇದ್ದ ಗೌರವಧನ ಒಮ್ಮೆಗೇ 26ರಿಂದ 32 ಸಾವಿರಕ್ಕೆ ಜಿಗಿಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ವಾರಕ್ಕೆ 8ರಿಂದ 10 ಗಂಟೆ ಇದ್ದ ಪಾಠ ಇನ್ನು ಮುಂದೆ 15 ಗಂಟೆ. ಕಾಲೇಜು ಅಷ್ಟೇ, ಮಕ್ಕಳು ಅಷ್ಟೇ, ಪೀರಿಯಡ್ಡೂ ಅಷ್ಟೇ. ಹಾಗಾದರೆ ಆ ಹೆಚ್ಚಿನ ಗಂಟೆಗಳು ಎಲ್ಲಿಂದ ಬರಬೇಕು? ಪಕ್ಕದ ಕುರ್ಚಿಯವರಿಂದ. 14 ಸಾವಿರಕ್ಕೂ ಹೆಚ್ಚಿದ್ದ ಅತಿಥಿಗಳಲ್ಲಿ ಸಾವಿರಾರು ಜನ ಹೊರಗೆ ಬಿದ್ದರು. ಅದೇ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಎಳ್ಳುಬೆಲ್ಲ, ಇನ್ನೊಬ್ಬರಿಗೆ ಎಳ್ಳುನೀರು. ಸಿಕ್ಕವರು ಖುಷಿಪಡಲು ನಾಚಬೇಕು, ಹೋದವರು ಅಭಿನಂದಿಸಿ ಹೋಗಬೇಕು. ಒಗ್ಗಟ್ಟು ಒಡೆಯಲು ಲಾಠಿ ಎತ್ತುವ ದಡ್ಡತನ ಹಳೇ ಕಾಲದ ಸರ್ಕಾರಗಳದ್ದು. ಟೈಮ್ ಟೇಬಲ್ ತಿದ್ದಿದರೆ ಸಾಕಿತ್ತು.

ಹಾಗಂತ ಇವರನ್ನು ಕಾಲೇಜು ಕಡೆಗಣಿಸುತ್ತದೆ ಎಂದರೆ ನಾಲಿಗೆ ಬಿದ್ದುಹೋದೀತು. ಕಾಲೇಜಿನ ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಹತ್ತರವರೆಗೆ ಕೂತು ಏಳು ಕ್ರೈಟೀರಿಯಾಗಳ ಫೈಲಿಗೆ ಬಣ್ಣದ ಚೀಟಿ ಅಂಟಿಸುವವರು ಯಾರು? ಹತ್ತು ವರ್ಷದ ಹಿಂದಿನ ಎನ್ನೆಸ್ಸೆಸ್ ಕ್ಯಾಂಪಿನ ಫೋಟೋ ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ಗೊತ್ತಿರುವವರು ಯಾರು? ಮೂರು ಪ್ರಿನ್ಸಿಪಾಲರು ವರ್ಗವಾಗಿ ಹೋಗಿದ್ದಾರೆ, ಇವರು ಮಾತ್ರ ಅಲ್ಲೇ ಇದ್ದಾರೆ. ಬೆಳಿಗ್ಗೆ ಗ್ರೂಪ್ ಫೋಟೋ ಹೊತ್ತಿಗೆ 'ಮೇಡಂ, ನೀವು ಸ್ವಲ್ಪ ಹಿಂದಿನ ಸಾಲಿಗೆ' ಎನ್ನಿಸಿಕೊಳ್ಳುವವರೂ ಇವರೇ.

ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ವಿಷಯದಲ್ಲಿ ನಮ್ಮ ಸರ್ಕಾರದ ಭಕ್ತಿ ದೊಡ್ಡದು, ಆದರೆ ಅರ್ಧ ಪುಸ್ತಕಕ್ಕೆ ಮಾತ್ರ. ಪಾಠ ಮಾಡಲು ನೆಟ್, ಸೆಟ್ ಎಂಬ ಅರ್ಹತಾ ಪರೀಕ್ಷೆ, ಪಿಎಚ್.ಡಿ. ಬೇಕೆನ್ನುವ ಪುಟ ಚೆನ್ನಾಗಿ ಓದಲು ಬರುತ್ತದೆ. ಅತಿಥಿ ಬೋಧಕರಿಗೆ ಒಂದು ತರಗತಿಗೆ 1,500 ರೂಪಾಯಿಯಂತೆ ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದು ಎಂದು ಅದೇ ಯುಜಿಸಿ 2019ರಲ್ಲಿ ಹೇಳಿದ ಪುಟಕ್ಕೆ ಬಂದಾಗ ಕನ್ನಡಕ ಕಳೆದುಹೋಗುತ್ತದೆ. 15 ವರ್ಷ ದಾಟಿದ, ಎಲ್ಲ ಅರ್ಹತೆಯೂ ಇರುವವರಿಗೆ 2023ರ ಹೆಚ್ಚಳ ಸೇರಿ ಸಿಕ್ಕಿದ್ದು 40 ಸಾವಿರ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಸೇರಿದ ದಿನವೇ ಮೂಲವೇತನ 57,700.

ಖಾಯಂ ಮಾಡಿ ಎಂದರೆ ವಿಧಾನಸೌಧದಿಂದ ಬರುವ ಉತ್ತರ ಒಂದೇ: ಉಮಾದೇವಿ ಕೇಸು. 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಈ ಪ್ರಕರಣ ಕರ್ನಾಟಕದ್ದೇ, ನಾವು ದೇಶಕ್ಕೆ ಕೊಟ್ಟ ಕೊಡುಗೆ. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡಬೇಡಿ ಎಂದ ಕೋರ್ಟು, ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲಕ್ಕೆ ಸಕ್ರಮ ಮಾಡಿ, ಖಾಲಿ ಹುದ್ದೆಗಳನ್ನು ಕ್ರಮವಾಗಿ ತುಂಬಿ ಎಂದೂ ಹೇಳಿತ್ತು. ಆ ಭಾಗ ಜೆರಾಕ್ಸ್ ಮಾಡುವಾಗ ಮಸುಕಾಗಿರಬೇಕು. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಕೇಸಿನಲ್ಲಿ ಅದೇ ಕೋರ್ಟು, ಸಭೆಗಳಲ್ಲಿ ಗುರುಬ್ರಹ್ಮ ಗುರುವಿಷ್ಣು ಎಂದು ಪಠಿಸಿದರೆ ಸಾಲದು ಎಂದಿತು. ತೀರ್ಪು ಗುಜರಾತಿನದಲ್ಲವೇ? ನಮ್ಮಲ್ಲಿ ಎಂದಿನಂತೆ ಸೆಪ್ಟೆಂಬರ್ 5ಕ್ಕೆ ಶ್ಲೋಕ ಹೇಳಿಯಾಯಿತು.

ಈಗ ನ್ಯಾಯಾಲಯದ ಆದೇಶ ಮುಂದಿಟ್ಟುಕೊಂಡು ಸರ್ಕಾರವು ಯುಜಿಸಿ ಅರ್ಹತೆ ಇಲ್ಲದ ಅತಿಥಿಗಳಿಗೆ ಬಾಗಿಲು ಮುಚ್ಚಿದೆ. ಅರ್ಹತೆ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2022ರಲ್ಲಿ ಇವರಿಗೆಂದೇ 26 ಸಾವಿರ, 28 ಸಾವಿರದ ದರ ನಿಗದಿ ಮಾಡಿ, 2023ರಲ್ಲಿ ಅರವತ್ತರ ಇಡಿಗಂಟಿನ ಆಸೆ ತೋರಿಸಿ, ಐವತ್ತು ದಾಟಿದವರಿಗೆ ಈಗ 'ನೀವು ಬರಲೇಬಾರದಿತ್ತು' ಎಂದರೆ ಅದನ್ನು ಕೇಳಿಸಿಕೊಳ್ಳುವುದಕ್ಕೂ ಒಂದು ಅರ್ಹತಾ ಪರೀಕ್ಷೆ ಇಡಬೇಕು. ಅಂಥ ಮೇಷ್ಟ್ರೊಬ್ಬರ ಶಿಷ್ಯ ಕೆ-ಸೆಟ್ ಪಾಸು ಮಾಡಿ, ಅವರು ಬಿಟ್ಟ ಕುರ್ಚಿಗೇ ಅರ್ಜಿ ಹಾಕಲು ಕೂತಿದ್ದಾನೆ ಅಂತಿಟ್ಟುಕೊಳ್ಳಿ. 'ಸಾರ್, ಈ ಆನ್‌ಲೈನ್ ಫಾರಂ ಎಲ್ಲೋ ಸಿಕ್ಕಾಕೊಂಡಿದೆ, ಸ್ವಲ್ಪ ಹೇಳ್ತೀರಾ?' ಎಂದು ಫೋನು ಮಾಡುವುದು ಅವರಿಗೇ. ಅವರೂ ಸಮಾಧಾನದಿಂದ ಹೇಳಿಕೊಡುತ್ತಾರೆ. ಆ ಫಾರಂ ತುಂಬಿದ ಅನುಭವ ಅವರಷ್ಟು ಇನ್ಯಾರಿಗಿದೆ?